ಎಂಟು ಬಾಲದ ಕಾರ್ಡು

ಅವರ ತುರುಬಿನಲ್ಲಿ ಹೂವಿಲ್ಲದ ದಿನಗಳಿದ್ದವು, ಟೆಸ್ಟರ್ ಇಲ್ಲದ ದಿನ ಇರಲಿಲ್ಲ. ಹಳದಿ ಹಿಡಿಯ ಆ ಪುಟ್ಟ ಸ್ಕ್ರೂಡ್ರೈವರನ್ನು ಬೇರೆ ಹೆಂಗಸರು ಹೇರ್‌ಪಿನ್ ಚುಚ್ಚಿಕೊಳ್ಳುವ ಹಾಗೆ ಓರೆಯಾಗಿ ಸಿಕ್ಕಿಸಿಕೊಂಡು, ಮೇಲೆ ಕನಕಾಂಬರದ ಮೊಳ ಸುತ್ತಿರುತ್ತಿದ್ದರು. ಪಾಠದ ನಡುವೆ ಯಾವುದಾದರೂ ಟೈಪ್‌ರೈಟರಿನ ಕೀಲಿ ಸಿಕ್ಕಿಕೊಂಡರೆ ಎಡಗೈ ಹಿಂದಕ್ಕೆ ಹೋಗುತ್ತಿತ್ತು, ಹೂವು ಅಲುಗದಂತೆ ಟೆಸ್ಟರ್ ಹೊರಬರುತ್ತಿತ್ತು. ಕೆಲಸ ಮುಗಿದ ಮೇಲೆ ನೋಡದೆಯೇ ಅದೇ ಜಾಗಕ್ಕೆ ಹಿಂತಿರುಗುತ್ತಿತ್ತು.

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಆ ಟೈಪಿಂಗ್ ಶಾಲೆಯಲ್ಲಿ ಎಲ್ಲರಿಗೂ ಅವರು ಬರೀ ಟೀಚರ್. ಹದಿನೈದು ವರ್ಷದಿಂದ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಸುತ್ತಿದ್ದರು. ಓದಿದ್ದು ಎಸ್ಸೆಸ್ಸೆಲ್ಸಿ. ನಾನು ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಮುಗಿಸಿ, ದಾವಣಗೆರೆಯಲ್ಲಿ ಒಂದು ವರ್ಷ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಹರಪನಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಶಾಲೆಯ ಯಜಮಾನರು ಹೊಸದಾಗಿ ಕಂಪ್ಯೂಟರ್ ವಿಭಾಗ ತೆರೆಯುವವರಿದ್ದರು. ಅದರ ಮುಖ್ಯಸ್ಥನಾಗುವ ಆಸೆಯಿಂದಲೇ ನಾನು ಆ ಕೆಲಸಕ್ಕೆ ಸೇರಿದ್ದೆ.

ಎಂಟು ಜನಕ್ಕೆ ಎಂಟು ಕಂಪ್ಯೂಟರ್ ತರುವ ಕಾಲ ಅದಲ್ಲ. ಯೂನಿಕ್ಸ್ ಎಂಬ ತಂತ್ರಾಂಶ ಹಾಕಿದ ಒಂದೇ ಒಂದು ಯಂತ್ರ; ಅದರೊಳಗೆ ಒಂದು ಕಾರ್ಡು; ಕಾರ್ಡಿನ ಬೆನ್ನಿನಿಂದ ಎಂಟು ಕೇಬಲ್ಲುಗಳು ಹೊರಟು ಎಂಟು ಟರ್ಮಿನಲ್ಲುಗಳಿಗೆ ಹೋಗಬೇಕು. ಟರ್ಮಿನಲ್ ಅಂದರೆ ಪರದೆ ಮತ್ತು ಕೀಲಿಮಣೆ ಅಷ್ಟೆ, ಬುದ್ಧಿಯೆಲ್ಲ ನಡುವಿನ ಯಂತ್ರದಲ್ಲಿ. ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯರು ಆ ಕಾರ್ಡಿಗೆ ಮೊದಲ ದಿನವೇ ‘ಎಂಟು ಬಾಲದ್ದು’ ಎಂದು ಹೆಸರಿಟ್ಟರು.

ಆ ಎಂಟು ಬಾಲದ್ದು ನನ್ನ ಮಾತು ಕೇಳಲಿಲ್ಲ. ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಸ್ವಿಚ್ಚುಗಳ ಒಂದು ಸಾಲು. ಅವುಗಳನ್ನು ಯಾವ ಕಡೆ ಸರಿಸಿದ್ದೇವೆ ಎಂಬುದರ ಮೇಲೆ ಯಂತ್ರಕ್ಕೆ ಕಾರ್ಡಿನ ವಿಳಾಸ ತಿಳಿಯುತ್ತದೆ. ವಿಳಾಸ ಬೇರೊಂದರ ಜೊತೆ ಡಿಕ್ಕಿ ಹೊಡೆದರೆ ಎಲ್ಲ ಮೌನ. ಪ್ರತಿ ಸಲ ಯಂತ್ರ ಆರಿಸಿ, ಸ್ವಿಚ್ಚು ಸರಿಸಿ, ಮತ್ತೆ ಹಚ್ಚಿ, ಕಾರ್ಡಿನ ಜೊತೆ ಬಂದ ಫ್ಲಾಪಿಯ ಡ್ರೈವರನ್ನು ಸೇರಿಸಿ ಯೂನಿಕ್ಸಿನ ತಿರುಳಾದ ಕರ್ನಲ್ಲನ್ನು ಹೊಸದಾಗಿ ಕಟ್ಟಬೇಕು. ಅರ್ಧ ಗಂಟೆಯ ಕೆಲಸ. ನಾನು ಸಿಟ್ಟಿನಲ್ಲಿ ಒಂದೇ ಸಲಕ್ಕೆ ಮೂರು ಸ್ವಿಚ್ಚು, ಎರಡು ಕಡತ ಬದಲಿಸುತ್ತಿದ್ದೆ. ನಾಲ್ಕು ದಿನ ಹೋಯಿತು.

ಟೀಚರ್ ಮೊದಲ ದಿನದಿಂದಲೂ ಒಂದು ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದರು. “ಸರ, ಈ ಪುಟದಾಗ ಏನ್ ಬರದಾರ್ರಿ? ಕನ್ನಡದಾಗ ಹೇಳ್ರಿ,” ಎಂದು ಕೈಪಿಡಿಯ ಒಂದೊಂದು ಪುಟಕ್ಕೂ ಕೇಳುತ್ತಿದ್ದರು. ನಿಮಿಷಕ್ಕೆ ಅರವತ್ತು ಪದ ಇಂಗ್ಲಿಷ್ ಹೊಡೆಯುವ ಹೆಂಗಸು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು, ಬಿಗುಮಾನದಿಂದಲೇ ಹೇಳುತ್ತಿದ್ದೆ. ಅವರು ತಲೆ ಅಲ್ಲಾಡಿಸಿ, ಒಂದು ನೋಟ್‌ಬುಕ್ಕಿನಲ್ಲಿ ಶೀಘ್ರಲಿಪಿಯ ಕೊಕ್ಕೆಗಳಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಐದನೆಯ ದಿನ ಬೆಳಿಗ್ಗೆ ಕೇಳಿದರು: “ಇವತ್ತ ನಾ ಒಂದೀಟು ನೋಡ್ಲೇನ್ರಿ?”

“ನೋಡ್ರಿ, ನೋಡ್ರಿ. ನಿಮ್ ಕೈಗಾದ್ರೂ ಬರ್ತದಾ ನೋಡಾಣ,” ಎಂದೆ.

“ಒಂದ್ ಸಲಕ್ಕ ಒಂದ ಬದಲ್ ಮಾಡ್ತೀನ್ರಿ,” ಎಂದರು. ಅದು ಅವರ ಮಾತು. ಟೈಪಿಂಗ್ ಕಲಿಯುವವರಿಗೂ ಅದನ್ನೇ ಹೇಳುತ್ತಿದ್ದರು: ಒಂದ್ ಸಲಕ್ಕ ಒಂದ ಬೆರಳು.

ಒಂದು ಸ್ವಿಚ್ಚು ಸರಿಸುವರು, ಬರೆದುಕೊಳ್ಳುವರು, ಯಂತ್ರ ಹಚ್ಚುವರು, ಏನಾಯಿತೆಂದು ಬರೆದುಕೊಳ್ಳುವರು. ಹನ್ನೊಂದನೆಯ ಸಲಕ್ಕೆ, ಮಾರನೆಯ ದಿನ ಮಧ್ಯಾಹ್ನ, ಯಂತ್ರವು ಎಂಟು ಕೇಬಲ್ಲಿಗೆ ಎಂಟು ಪೋರ್ಟುಗಳಿವೆ ಎಂದು ತಾನಾಗಿ ಹೇಳಿತು. ಆದರೆ ಟರ್ಮಿನಲ್ಲುಗಳ ಪರದೆಗಳು ಇನ್ನೂ ಕಪ್ಪು. ನನಗೆ ಒಳಗೊಳಗೇ ಸಮಾಧಾನವಾಯಿತು.

ಅವರು ಕೇಬಲ್ಲಿನ ತುದಿ ಹಿಡಿದು ಕೇಳಿದರು. “ಇದರಾಗ ಎಂಟನೇ ಪಿನ್ನು ಯಾತಕ್ಕ್ರಿ?”

“ಅದು ಫೋನ್ ಲೈನಿಗೆ ಮೋಡೆಮ್ ಹಾಕಿದೋರಿಗೆ. ಆ ಕಡೆ ಯಾರಾದ್ರೂ ಇದಾರಾ ಇಲ್ವಾ ಅಂತ ತಿಳಿಯಾಕೆ. ನಮಗೆ ಮೋಡೆಮ್ ಇಲ್ಲ, ಅದು ಬೇಡ.”

“ನಮಗ ಬ್ಯಾಡ್ರಿ, ಖರೆ. ಅದಕ್ಕ ಬೇಕೇನೋ,” ಎಂದರು. “ಬಾಗಿಲ ಹೊರಗ ಒಬ್ಬಾಕಿ ಬಂದು ನಿಂತಾಳ. ‘ಮನ್ಯಾಗ ಯಾರದೀರ್ರೀ’ ಅಂತ ಕೂಗಂಗಿಲ್ಲ, ಸುಮ್ಮನ ನಿಂತಾಳ. ಒಳಗಿನಾಕಿ ಬಾಗಿಲ ಯಾಕ ತೆಗೀತಾಳ್ರಿ?”

ಟರ್ಮಿನಲ್ಲಿನ ಇಪ್ಪತ್ತನೆಯ ಪಿನ್ನು ‘ನಾನಿದ್ದೇನೆ’ ಎಂದು ಹೇಳುವಂಥದ್ದು ಎಂದು ಮೂರು ದಿನದ ಹಿಂದೆ ಕೈಪಿಡಿ ಓದಿ ಹೇಳಿದವನು ನಾನೇ. ಅವರು ಆ ತಂತಿಯನ್ನು ಯಂತ್ರದ ಕಡೆಯ ಎಂಟನೆಯ ಪಿನ್ನಿಗೆ ಬೆಸುಗೆ ಹಾಕಿದರು. ಟರ್ಮಿನಲ್ ಹಚ್ಚಿದರು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ‘ಲಾಗಿನ್’ ಎಂದು ಮೂಡಿ, ಪಕ್ಕದಲ್ಲಿ ಗೆರೆ ಮಿನುಗತೊಡಗಿತು.

ಹುಡುಗಿಯರು ಚಪ್ಪಾಳೆ ತಟ್ಟಿದರು. ಯಜಮಾನರು ಬಂದು ನೋಡಿ, “ನೋಡ್ರಪಾ, ಎಸ್ಸೆಸ್ಸೆಲ್ಸಿ ಓದಿದ ಹೆಣ್ಮಗಳು! ಡಿಗ್ರಿ ಅಂದ್ರ ಏನಿಲ್ಲ ಬಿಡ್ರಿ,” ಎಂದು ನನ್ನ ಹೆಗಲ ಮೇಲೆ ಕೈ ಹಾಕಿ ನಕ್ಕರು. ನಾನೂ ನಕ್ಕೆ. ಸಂಜೆ ಹರಪನಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ನಿಂತುಕೊಂಡೇ ಹೋದೆ. ಕೂತರೆ ಯೋಚನೆ ಬರುತ್ತಿತ್ತು.

ಆಮೇಲಿನ ಎರಡು ತಿಂಗಳು ನನ್ನಷ್ಟು ಸಣ್ಣ ಮನುಷ್ಯ ಆ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಪರದೆ ನಿಂತರೆ ಹುಡುಗಿಯರು “ಟೀಚರ್” ಎಂದು ಎಷ್ಟು ಸಲ ಕೂಗುತ್ತಾರೆ, “ಸರ್” ಎಂದು ಎಷ್ಟು ಸಲ ಕೂಗುತ್ತಾರೆ ಎಂದು ಎಣಿಸುತ್ತಿದ್ದೆ. ಅವರಿಲ್ಲದಾಗ ಆ ನೋಟ್‌ಬುಕ್ ತೆಗೆದು ನೋಡುತ್ತಿದ್ದೆ. ಕೊಕ್ಕೆ, ಚುಕ್ಕೆ, ಬಾಗಿದ ಗೆರೆ, ಒಂದೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಅವರು ಹೂವು ಕೊಳ್ಳಲು ಹೊರಗೆ ಹೋಗಿದ್ದಾಗ ಮೂರನೆಯ ಟರ್ಮಿನಲ್ಲಿನ ಕೇಬಲ್ಲನ್ನು ಹಿಂದಿನಿಂದ ಅರ್ಧ ಎಳೆದಿಟ್ಟೆ. ಬಂದವರು ಎರಡೇ ನಿಮಿಷದಲ್ಲಿ ಹುಡುಕಿ, ಮತ್ತೆ ಸಿಕ್ಕಿಸಿ, “ಇಲಿ ಎಳದಿರಬೇಕ್ರಿ,” ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಇನ್ನೊಂದು ಅಭ್ಯಾಸ ನನಗೆ ಶುದ್ಧ ಪ್ರದರ್ಶನವಾಗಿ ಕಾಣುತ್ತಿತ್ತು. ಕಬ್ಬಿಣದ ಯಾವ ವಸ್ತುವನ್ನೂ, ಫ್ಯಾನಾಗಲಿ ಕಂಪ್ಯೂಟರಿನ ಪೆಟ್ಟಿಗೆಯಾಗಲಿ, ದಿನದಲ್ಲಿ ಮೊದಲ ಸಲ ಮುಟ್ಟುವಾಗ ಅವರು ಹಿಂಗೈಯಿಂದ ತಟ್ಟುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಹಿಂದೊಮ್ಮೆ ಟೇಬಲ್ ಫ್ಯಾನಿನ ಕರೆಂಟ್ ಅವರನ್ನು ಹಿಡಿದುಕೊಂಡಿತ್ತಂತೆ. “ಅಂಗೈಲೆ ಮುಟ್ಟಿದ್ರ ಕೈ ಮುಚ್ಚಿಕೊಂಡು ಅದನ್ನ ಹಿಡಕೊಂತೈತ್ರಿ. ಹಿಂಗೈಲೆ ಮುಟ್ಟಿದ್ರ ಬಿಟ್ಟು ಬರತೈತಿ,” ಎಂದು ಹುಡುಗಿಯರಿಗೆ ಹೇಳುತ್ತಿದ್ದರು. ಎಲೆಕ್ಟ್ರಾನಿಕ್ಸ್ ಓದಿದವನ ಎದುರಿಗೆ!

ಟೈಪ್‌ರೈಟರುಗಳ ನಡುವೆ ಐದು ಟರ್ಮಿನಲ್ಲುಗಳಿಗೆ ಮಾತ್ರ ಜಾಗವಿತ್ತು. ಉಳಿದ ಮೂರಕ್ಕಾಗಿ ಯಜಮಾನರು ಓಣಿಯ ಎದುರಿನ ಕಟ್ಟಡದಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದರು. ಕೇಬಲ್ಲುಗಳನ್ನು ಓಣಿಯ ಮೇಲಿಂದ ಎಳೆಯುವುದೆಂದಾಯಿತು. ಯಜಮಾನರು ನಮ್ಮಿಬ್ಬರನ್ನೂ ಕೂರಿಸಿಕೊಂಡು, “ಎದರಿನ ಖೋಲಿ ಯಾರು ಶುರು ಮಾಡಿ ಕೊಡ್ತೀರೋ, ಕಂಪ್ಯೂಟರ್ ಸೆಕ್ಷನ್ ಅವರ ಕೈಯಾಗ,” ಎಂದರು. ಟೀಚರ್ ಬರೀ “ಹ್ಞೂಂ” ಎಂದರು. ಈ ಸಲವೂ ಕೈತಪ್ಪಿದರೆ ಮೀಸೆ ಹೊತ್ತು ಈಕೆಯ ಕೈಕೆಳಗೆ ದುಡಿಯಬೇಕು ಎಂದುಕೊಂಡೆ.

ಎದುರಿನ ಕೋಣೆಯ ಪ್ಲಗ್ಗುಗಳನ್ನು ಟೀಚರ್ ಬಿಚ್ಚಿ ನೋಡಿ ಬಂದಿದ್ದರು. “ಅಲ್ಲಿ ಅರ್ಥಿಂಗ್ ಇಲ್ರಿ. ಮೂರನೇ ಪಿನ್ನಿಗೆ ನ್ಯೂಟ್ರಲ್ ತಂತಿನ ತಿರುವಿ ಬಿಟ್ಟಾನ, ಪುಣ್ಯಾತ್ಮ. ಗುಂಡಿ ತೋಡಿ ಅರ್ಥಿಂಗ್ ಮಾಡಸೋವರಿಗೂ ಕೇಬಲ್ ಕೂಡಸಬ್ಯಾಡ್ರಿ.” ನಮ್ಮ ಕಡೆಗಳಲ್ಲಿ ವೈರಿಂಗ್ ಮಾಡುವವರು ಎಷ್ಟೋ ಮನೆಗಳಲ್ಲಿ ಹೀಗೇ ಮಾಡುತ್ತಿದ್ದರು. ನ್ಯೂಟ್ರಲ್ ತಂತಿಯಲ್ಲಿ ಕರೆಂಟ್ ಹೊಡೆಯುವುದಿಲ್ಲವಾದ್ದರಿಂದ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಯಜಮಾನರು ಮುಂದಿನ ವಾರ ಗುಂಡಿ ತೋಡಿಸುವುದಾಗಿ ಹೇಳಿದರು. ಕೆಲಸ ತನ್ನ ಕೈ ಬಿಟ್ಟು ಹೋಗಬಾರದೆಂದು ಈಕೆ ದಿನ ದೂಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಆ ಸೋಮವಾರ ಸಂಜೆ ಬಿರುಗಾಳಿ ಎದ್ದು ಗಿರಣಿಯ ಕಟ್ಟಡಕ್ಕೆ ಕಂಬದಿಂದ ಬರುವ ತಂತಿ ಹರಿದು ಬಿತ್ತು. ಮಂಗಳವಾರ ಮಧ್ಯಾಹ್ನ ಯಾರೋ ಕಂಬ ಹತ್ತಿ ಜೋಡಿಸಿ ಹೋದರು. ಅದಕ್ಕೂ ಮೊದಲೇ, ಬೆಳಿಗ್ಗೆ, ಟೀಚರ್ ಹಡಗಲಿಯಲ್ಲಿರುವ ತಂಗಿಯ ಮನೆಗೆ ಹೊರಟುಹೋಗಿದ್ದರು. “ಬುಧವಾರ ಸಂಜಿ ಬಸ್ಸಿಗೆ ಬರ್ತೀನ್ರಿ. ಎದರಿನ ಖೋಲಿಗೆ ಕೈ ಹಚ್ಚಬ್ಯಾಡ್ರಿ ಸರ,” ಎಂದು ನನಗೆ ಹೇಳಿಯೇ ಹೋಗಿದ್ದರು.

ಬುಧವಾರ ಬೆಳಿಗ್ಗೆ ನಾನು ಕೈ ಹಚ್ಚಿದೆ.

ಇಲ್ಲಿಂದ ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ, ಊಟದ ನಡುವೆ, ಮಗಳಿಗೆ ಪಾಠ ಹೇಳುವಾಗ ಅದು ತಾನಾಗಿ ಶುರುವಾಗುತ್ತದೆ. ಪ್ರತಿ ಸಲ ಮೊದಲಿನಿಂದ.

ಎದುರಿನ ಕೋಣೆ ಇನ್ನೂ ಕಂಪ್ಯೂಟರ್ ಕೋಣೆಯಾಗಿರಲಿಲ್ಲವಾದ್ದರಿಂದ ಅಲ್ಲಿ ಚಪ್ಪಲಿ ಹಾಕಿಕೊಂಡೇ ಇದ್ದೆ. ಕೇಬಲ್ಲಿನ ಒಂದು ತುದಿಯನ್ನು ಟರ್ಮಿನಲ್ಲಿಗೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಆಮೇಲೆ ಪ್ಲಗ್ ಹಾಕಿ ಸ್ವಿಚ್ಚು ಒತ್ತಿದೆ. ಪರದೆ ಬೆಳಗಿತು. ಫ್ಯಾನು, ದೀಪ ಎಲ್ಲ ಸರಿಯಾಗಿದ್ದವು. ನನಗೆ ತಿಳಿಯದೆ ಇದ್ದದ್ದು ಒಂದೇ: ಕಂಬ ಹತ್ತಿದವನು ಎರಡು ತಂತಿಗಳನ್ನು ಅದಲು ಬದಲು ಜೋಡಿಸಿದ್ದ. ದೀಪಕ್ಕೆ ಅದರಿಂದ ವ್ಯತ್ಯಾಸವಿಲ್ಲ. ಆದರೆ ನ್ಯೂಟ್ರಲ್ ಎಂದುಕೊಂಡದ್ದರಲ್ಲಿ ಈಗ ಪೂರ್ತಿ ಕರೆಂಟ್. ಮೂರನೆಯ ಪಿನ್ನಿನ ಮೂಲಕ ಅದು ಟರ್ಮಿನಲ್ಲಿನ ಒಳಚೌಕಟ್ಟಿಗೆ ಬಂದು, ಕೇಬಲ್ಲಿನ ತಂತಿಗಳನ್ನು ಸುತ್ತಿದ ಲೋಹದ ಹೆಣಿಗೆಯಲ್ಲಿ ಓಣಿ ದಾಟಿ, ಈ ಕಡೆ ಕಿಟಕಿಗೆ ನಾನು ಮೊದಲೇ ದಾರದಿಂದ ಕಟ್ಟಿ ತೂಗುಬಿಟ್ಟಿದ್ದ ಇನ್ನೊಂದು ತುದಿಯ ಲೋಹದ ತಲೆಯಲ್ಲಿ ಕಾಯುತ್ತಿತ್ತು.

ನಾನು ಓಣಿ ದಾಟಿ ಬಂದೆ. ಕಂಪ್ಯೂಟರಿಗೆ ಧೂಳು ಆಗದೆಂದು ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು, ಬಿಟ್ಟೆ. ಅದೇ ಧೂಳಿನ ಭಯಕ್ಕೆ ದಿನಾ ಹತ್ತು ಗಂಟೆಗೆ ನೆಲ ಒರೆಸುತ್ತಿದ್ದರು. ಕಪ್ಪು ಕಲ್ಲಿನ ನೆಲ ಇನ್ನೂ ಹಸಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಟೈಪ್‌ರೈಟರುಗಳ ಸದ್ದು. ನಾನು ಬರಿಗಾಲಲ್ಲಿ ಆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಆರನೆಯ ಪೋರ್ಟು ಯಾವುದೆಂದು ನೋಡಿ, ತೂಗುತ್ತಿದ್ದ ತುದಿಯನ್ನು ಹಿಡಿಯಲು ಕೈ ಚಾಚಿದೆ. ಬೆರಳುಗಳು ಆಗಲೇ ಬಿಚ್ಚಿಕೊಂಡಿದ್ದವು.

“ಲೇ! ಕೈ ತೆಗಿ!”

ಸಂಜೆ ಬರಬೇಕಿದ್ದ ಟೀಚರ್! ಅವರು ನನ್ನನ್ನು ಎಂದೂ ಹಾಗೆ ಕರೆದವರಲ್ಲ. ತಿರುಗುವಷ್ಟರಲ್ಲಿ ಹೆಗಲಲ್ಲಿ ಚೀಲ ಇನ್ನೂ ನೇತಾಡುತ್ತಿದ್ದ ಹಾಗೆಯೇ ಬರಿಗಾಲಲ್ಲಿ ನುಗ್ಗಿ ಬಂದು, ನನ್ನ ಕೈಗೂ ಆ ತುದಿಗೂ ನಡುವೆ ತಮ್ಮ ಬಲಗೈ ತೂರಿಸಿದರು. ಹಿಂಗೈ ತಗುಲಿತು. ಕೈ ಯಾರೋ ಒದ್ದ ಹಾಗೆ ಹಿಂದಕ್ಕೆ ಹಾರಿತು, ಕೈಯ ಹಿಂದೆ ಅವರೂ ಹಾರಿದರು. ಮೊಣಕೈ ಬೆಂಚಿನ ಅಂಚಿಗೆ ಬಡಿದ ಸದ್ದು ನನಗೆ ಈಗಲೂ ಪ್ರತ್ಯೇಕವಾಗಿ ಕೇಳಿಸುತ್ತದೆ. ಉಯ್ಯಾಲೆಯಾಡಿದ ಕೇಬಲ್ಲಿನ ತಲೆ ಯಂತ್ರದ ಪೆಟ್ಟಿಗೆಗೆ ತಾಗಿ ನೀಲಿ ಕಿಡಿ ಹಾರಿತು. ಎದುರಿನ ಕಟ್ಟಡದಲ್ಲಿ ಫ್ಯೂಸು ಹೋಗಿ ಗಿರಣಿ ನಿಂತಿತು. ನಮ್ಮ ಓಣಿಯಲ್ಲಿ ಹಗಲು ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕೇಳಿರಲಿಲ್ಲ.

ಹುಡುಗಿಯರು ಓಡಿ ಬಂದರು. ಹಿಂದೆಯೇ ಯಜಮಾನರು. “ಏನಾತು? ಏನಾತು ಟೀಚರ್?”

ಅವರು ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ತುಟಿ ಬಿಳಿಚಿತ್ತು. “ನೆಲ ಒದ್ದಿ ಇತ್ರಿ. ಜಾರಿದೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಸರ, ಹೋಗಿ ಎದರಿನ ಖೋಲಿ ಪ್ಲಗ್ ತೆಗೀರಿ. ಚಪ್ಪಲಿ ಹಾಕ್ಕೊಂಡು ಹೋಗ್ರಿ,” ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಹೋಗಿ ಪ್ಲಗ್ ತೆಗೆದೆ.

ಮುಂದಿನ ವಾರ ಗುಂಡಿ ತೋಡಿಸಿ ಅರ್ಥಿಂಗ್ ಆಯಿತು, ಕಂಬದ ತಂತಿ ಸರಿಯಾಯಿತು. ಟೀಚರ್ ಕೈಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತು ಹೇಳಿದರು, ನಾನು ಜೋಡಿಸಿದೆ. ಮೂರೂ ಪರದೆಗಳಲ್ಲಿ ಲಾಗಿನ್ ಬಂತು. ಯಜಮಾನರಿಗೆ ಅವರೇ ಹೋಗಿ, “ಎದರಿನ ಖೋಲಿ ಸರ ಜೋಡಿಸ್ಯಾರ್ರಿ,” ಎಂದರಂತೆ. ಉದ್ಘಾಟನೆಯ ದಿನ ನನ್ನನ್ನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಎಂದು ಪರಿಚಯಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರ್ ಎಡಗೈಯಿಂದ ತಮ್ಮ ತೊಡೆಯ ಮೇಲೆ ತಟ್ಟಿದರು.

ಮೊಣಕೈಯ ಪೆಟ್ಟಿಗೆ ಅವರ ಬಲಗೈಯ ಕೊನೆಯ ಎರಡು ಬೆರಳುಗಳು ಜೋಮು ಹಿಡಿದವು, ಜೋಮು ಇಳಿಯಲೇ ಇಲ್ಲ. ಇಂಗ್ಲಿಷ್ ಟೈಪಿಂಗಿನಲ್ಲಿ ಓ, ಎಲ್ ಮತ್ತು ಪಿ ಅಕ್ಷರಗಳು ಆ ಬೆರಳುಗಳವು. ಅಂದಿನಿಂದ ಅವರು ಹೊಡೆದ ಯಾವ ಕಾಗದದಲ್ಲೂ ಆ ಮೂರು ಅಕ್ಷರ ಮಸುಕಾಗಿ ಬೀಳುತ್ತಿದ್ದವು. ನನ್ನ ನೇಮಕದ ಪತ್ರವನ್ನು ಹೊಡೆದವರೂ ಅವರೇ. ಪತ್ರ ಕೈಯಲ್ಲಿ ಹಿಡಿದು, ಆ ಮಸುಕು ಅಕ್ಷರಗಳನ್ನು ನೋಡುತ್ತಾ ನನಗೆ ಮೊದಲು ಆದದ್ದು ನಾಚಿಕೆಯಲ್ಲ. ಮತ್ತದೇ ಹೊಟ್ಟೆಕಿಚ್ಚು. ಕೆಲಸದಲ್ಲಿ ಗೆದ್ದರು, ಧೈರ್ಯದಲ್ಲಿ ಗೆದ್ದರು, ಈಗ ದೊಡ್ಡ ಮನಸ್ಸಿನಲ್ಲೂ ಗೆದ್ದರು. ನನಗೆಂದು ಒಂದೂ ಉಳಿಸಲಿಲ್ಲ ಎನ್ನಿಸಿತು. ಬೆದರಿದ ಮನಸ್ಸು ಹೀಗೂ ಯೋಚಿಸುತ್ತದೆ.

ಕೆಲವು ವರ್ಷಗಳಲ್ಲಿ ಟರ್ಮಿನಲ್ಲುಗಳೂ ಹೋದವು, ಟೈಪಿಂಗ್ ಶಾಲೆಯೂ ಮುಚ್ಚಿತು. ನಾನು ಹರಪನಹಳ್ಳಿಯ ಕಾಲೇಜೊಂದಕ್ಕೆ ಸೇರಿಕೊಂಡೆ. ಟೀಚರ್ ಹಗರಿಬೊಮ್ಮನಹಳ್ಳಿಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದಾರೆ, ಕಿಡ್ನಿ ತೊಂದರೆಯಂತೆ ಎಂದು ಕೇಳಿ ನೋಡಲು ಹೋದೆ. ಹತ್ತು ವರ್ಷ ಕಳೆದಿತ್ತು. ಮಂಚದ ಮೇಲೆ ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು, ಎರಡು ಬೆರಳು ಬಿಟ್ಟು ಉಳಿದವುಗಳಿಂದ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೇಳಿದೆ. “ಅವತ್ತು ನೀವು ಹೇಳಿ ಹೋಗಿದ್ರಿ. ಕೇಳಲಿಲ್ಲ ನಾನು. ನನ್ನ ಜೀವ ಉಳಿಸಾಕೆ ಅಂತ ನೀವು…”

ಅವರು ಕಾಯಿ ಬಿಟ್ಟು ನನ್ನ ಮುಖ ನೋಡಿದರು. ಆಮೇಲೆ ನಗತೊಡಗಿದರು. “ಜೀವ ಉಳಸಾಕ? ಹಂಗ ತಿಳಕೊಂಡೀಯೇನಪಾ ಇಷ್ಟು ವರ್ಷ?”

“ಮತ್ತೆ?”

“ತಂಗಿ ಕೂಸಿಗೆ ಅವತ್ತು ಹೆಸರಿಡೋದಿತ್ತು. ಬೆಳಿಗ್ಗಿ ತೊಟ್ಟಿಲಿಗೆ ಹೂವು ಕಟ್ಟಾಕ ಹತ್ತಿದ್ದೆ. ಕೈ ಇಲ್ಲಿ, ತಲಿ ಕೊಟ್ಟೂರಾಗ. ನಾ ಬ್ಯಾಡ ಅಂದೀನಿ ಅಂದ ಮ್ಯಾಲೆ ನೀ ಜೋಡಸಾಂವನ ಅಂತ ಗೊತ್ತಿತ್ತು ನನಗ. ನೀ ಜೋಡಿಸಿದಿ, ಅದು ಬಂತು ಅಂದ್ರ? ಡಿಗ್ರಿಯಾಂವ ಮಾಡಿಬಿಟ್ಟ ಅಂತಾರ. ತಡಕೊಳ್ಳಾಕ ಆಗಲಿಲ್ಲ. ತೊಟ್ಟಿಲಕ್ಕ ಹಾಕೋದ್ರಾಗ ಎದ್ದು ಬಸ್ ಹತ್ತಿದೆ.” ಇನ್ನೊಂದು ಕಾಯಿ ಎತ್ತಿಕೊಂಡು ಹೇಳಿದರು. “ಓಣ್ಯಾಗ ಬಂದಾಗ ಕಂಬದ ಮ್ಯಾಲೆ ಹೊಸಾ ಜೋಡಣಿ ಕಂಡೆ. ತಂತಿ ಅದಲು ಬದಲು ಆಗಿದ್ರ ಅಂತ ಹೊಳೀತು. ಆಮ್ಯಾಲಿಂದು ಓಡಿದ್ದು. ಅಲ್ಲೀಮಟ ಬರೇ ಹೊಟ್ಟಿಕಿಚ್ಚು.”

“ನಿಮಗ್ಯಾಕ್ರಿ ಟೀಚರ್ ಹೊಟ್ಟೆಕಿಚ್ಚು? ಎಲ್ಲ ನಿಮ್ಮ ಕೈಯಾಗೇ ಇತ್ತಲ್ಲ!”

“ಹದಿನೈದು ವರ್ಷ ಇಂಗ್ಲಿಷ್ ಹೊಡದೀನಿ ನಾ. ಹೊಡದದ್ದು ಅರ್ಥ ಆಗ್ತಿರಲಿಲ್ಲ. ನೀ ಆ ದಪ್ಪನ್ನ ಪುಸ್ತಕ ತೆಗದು ಕತಿ ಹೇಳಿದಂಗ ಹೇಳಿಬಿಡ್ತಿದ್ದಿ. ನೀ ಹೇಳದಿದ್ರ ಆ ಎಂಟನೇ ಪಿನ್ನು ಏನಂತ ನನಗ ಹೆಂಗ ತಿಳೀತಿತ್ತು? ನಿನ್ನ ಪಕ್ಕ ಕುಂತು ದಿನಾ ಉರಕೊಂಡೀನಿ.”

“ಹಂಗಾದ್ರೆ ಯಜಮಾನ್ರಿಗೆ ನನ್ನ ಹೆಸರು ಯಾಕೆ ಹೇಳಿದ್ರಿ?”

“ಅವತ್ತಿಂದು ಖರೆ ಹೇಳಿ ಸೆಕ್ಷನ್ ನಾ ತಗೊಂಡಿದ್ರ ನಿನ್ನ ಓಡಿಸಿಬಿಡ್ತಿದ್ರು. ಆ ಪುಸ್ತಕ ಯಾರು ಓದಿ ಹೇಳ್ತಿದ್ರು ನನಗ?” ಎಂದು ಮೊರವನ್ನು ನನ್ನ ಕಡೆ ಸರಿಸಿದರು. “ಸುಮ್ಮನ ಕುಂತೀಯಲ್ಲ, ಕಾಯಿ ಸುಲಿ.”

ಇಬ್ಬರೂ ಸೇರಿ ಸುಲಿದೆವು. ಅದಾದ ಮೂರನೆಯ ತಿಂಗಳು ಅವರು ತೀರಿಕೊಂಡರು.

ಮಣ್ಣಿಗೆ ಹೋದಾಗ ಹಡಗಲಿಯ ತಂಗಿ ಬಾಗಿಲ ಪಕ್ಕ ಕೂತು ಅಳುತ್ತಿದ್ದರು. ಜೊತೆಗೆ ಹತ್ತು ಹನ್ನೊಂದು ವರ್ಷದ ಮಗಳು. ಕೊಟ್ಟೂರಿನ ಶಾಲೆಯವರು ಎಂದು ಯಾರೋ ನನ್ನನ್ನು ತೋರಿಸಿದರು. ಆಕೆ ಕಣ್ಣೊರೆಸಿಕೊಂಡು ಕೇಳಿದರು: “ಅಣ್ಣಾರ, ಇಕಿಗೆ ಹೆಸರಿಡೋ ದಿನ ಅಕ್ಕ ಎದ್ದು ಹೋದ್ಲು ನೋಡ್ರಿ. ಕೆಲಸ ಐತಿ ಅಂದ್ಲು, ಅಷ್ಟ. ಎರಡು ವರ್ಷ ನಾನು ಆಕೀ ಸಂಗಾಟ ಮಾತ ಬಿಟ್ಟಿದ್ದೆ. ಅಂಥಾದ್ದೇನು ಕೆಲಸ ಇತ್ರಿ ಅವತ್ತು?”

ಬಂದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ನಾನು ಆ ಹುಡುಗಿಯ ಎದುರು ನೆಲದ ಮೇಲೆ ಕೂತು, ನಾನು ಕಿಟಕಿಗೆ ಕಟ್ಟಿದ್ದ ದಾರದಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವವರೆಗೂ ಯಾರೂ ಹೆಣ ಎತ್ತಲಿಲ್ಲ.